ಬೊನಾಂಜಾ ಬಿಟ್ಟವನು ಕೆಟ್ಟನೇ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 31 ವರ್ಷ, ರಂಗಭೂಮಿಯಿಂದ ಬಂದವನು. ಮೂರು ವರ್ಷದಿಂದ ಒಂದು ಕನ್ನಡ ಧಾರಾವಾಹಿಯಲ್ಲಿ ಕೂಡುಕುಟುಂಬದ ಹಿರೀಮಗನ ಪಾತ್ರ ಮಾಡುತ್ತಿದ್ದೇನೆ. ತಿಂಗಳಿಗೆ 20–22 ದಿನ ಕಾಲ್‌ಶೀಟ್. ಮನೆ ಸಾಲದ ಇಎಂಐ ಇದರಲ್ಲೇ ನಡೀತಿದೆ. ಆದರೆ ಒಂದು ವರ್ಷದಿಂದ ನನ್ನ ಡೈಲಾಗ್ ಅಂದರೆ ‘ಸರಿ ಅಪ್ಪಾಜಿ’, ‘ನೀವು ಹೇಳಿದ ಹಾಗೇ ಆಗಲಿ ಅಪ್ಪಾಜಿ’, ಇಷ್ಟೇ. ನಾಟಕದ ಗೆಳೆಯರು ಎದುರು ಬಂದರೆ ಮುಖ ತಪ್ಪಿಸಿಕೊಂಡು ಓಡಾಡುವ ಹಾಗಾಗಿದೆ. ಅಗ್ರಿಮೆಂಟ್ ಬರುವ ಮಾರ್ಚ್‌ಗೆ ಮುಗಿಯುತ್ತದೆ ಅಂತ ನೆನಪು. ಕಾಪಿ ನನ್ನ ಹತ್ತಿರ ಇಲ್ಲ, ಪ್ರೊಡಕ್ಷನ್ ಆಫೀಸಲ್ಲಿದೆ.

ಅಪ್ಪ ಹೋದ ವರ್ಷ ಡಾಲಸ್‌ನಲ್ಲಿರುವ ಅಕ್ಕನ ಮನೆಗೆ ಹೋದವರು ಆರು ತಿಂಗಳು ಮಧ್ಯಾಹ್ನವೆಲ್ಲ ಹಳೇ ಕೌಬಾಯ್ ಸೀರಿಯಲ್ ನೋಡಿ ಬಂದಿದ್ದಾರೆ. ಬಿಡುತ್ತೇನೆ ಅಂದರೆ ಸಾಕು, ‘ಬೊನಾಂಜಾದಲ್ಲಿ ಕಪ್ಪು ಬಟ್ಟೆಯ ಹಿರೀಮಗ ಆಡಮ್ ಇದ್ದನಲ್ಲ, ಪರ್ನೆಲ್ ರಾಬರ್ಟ್ಸ್, ನಂಬರ್ ಒನ್ ಸೀರಿಯಲ್ ಒದ್ದು ಹೋದ. ಆಮೇಲೆ ಮೂಸಿ ನೋಡುವವರಿರಲಿಲ್ಲ. ಉಳಿದವರು ಮರುಪ್ರಸಾರದ ದುಡ್ಡಲ್ಲೇ ಜೀವನಪೂರ್ತಿ ಕೂತು ಉಂಡರು’ ಅನ್ನುತ್ತಾರೆ. ಗೆಳೆಯನೊಬ್ಬ ಇದಕ್ಕೆ ಉಲ್ಟಾ: ‘ಕ್ಲಿಂಟ್ ಈಸ್ಟ್‌ವುಡ್ ಸೀರಿಯಲ್ ಬಿಟ್ಟು ಇಟಲಿಗೆ ಹೋಗಿದ್ದಕ್ಕೇ ಈಸ್ಟ್‌ವುಡ್ ಆದ. ನಮ್ಮ ಯಶ್ ಕೂಡ ಸೀರಿಯಲ್‌ನಿಂದ ಹೋದವರೇ. ಧೈರ್ಯ ಮಾಡು.’ ಇಬ್ಬರಲ್ಲಿ ಯಾರು ಸರಿ? ನಾನೇನು ಮಾಡಲಿ?

ಉತ್ತರ: ನಿಮ್ಮ ‘ಸರಿ ಅಪ್ಪಾಜಿ’ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಅರುವತ್ತು ವರ್ಷದ ಹಿಂದೆ ಪರ್ನೆಲ್ ರಾಬರ್ಟ್ಸ್ ಪತ್ರಿಕೆಗಳ ಮುಂದೆ ತೋಡಿಕೊಂಡ ಗೋಳು ಹೆಚ್ಚುಕಡಿಮೆ ಇದೇ. ಮೂವತ್ತು ದಾಟಿದ ಗಂಡಸು, ಕಥೆಯ ಪ್ರಕಾರ ಕಾಲೇಜು ಓದಿ ಕಟ್ಟಡದ ನಕ್ಷೆ ಹಾಕಬಲ್ಲವನು, ಕುದುರೆ ಹತ್ತಿ ಊರಾಚೆ ಹೋಗಲಿಕ್ಕೂ ಅಪ್ಪನ ಮುಖ ನೋಡಬೇಕು. ಆ ಅಪ್ಪನ ಪಾತ್ರದ ಲಾರ್ನ್ ಗ್ರೀನ್ ಹುಟ್ಟಿದ್ದು 1915ರಲ್ಲಿ, ರಾಬರ್ಟ್ಸ್ 1928ರಲ್ಲಿ. ಹದಿಮೂರೇ ವರ್ಷ ದೊಡ್ಡವರನ್ನು ವಾರವಾರ ‘ಪಾ’ ಎಂದು ಕರೆಯಬೇಕು. ರಾಬರ್ಟ್ಸ್ ಕೂಡ ನಿಮ್ಮ ಹಾಗೆ ನಾಟಕದವರು. ಮ್ಯಾಕ್‌ಬೆತ್ ಮಾಡಿ 1955ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಶಸ್ತಿ ಪಡೆದವರು.

ನಾನು ವಕೀಲೆ. ಕಲಾವಿದರ ಕರಾರುಪತ್ರ ಓದುವುದು ಇಪ್ಪತ್ತೆರಡು ವರ್ಷದ ಕಸುಬು, ವೆಸ್ಟರ್ನ್, ಅಂದರೆ ಅಮೆರಿಕದ ಕೌಬಾಯ್ ಕಥೆಗಳನ್ನು, ನೋಡುವುದು ಅದಕ್ಕಿಂತ ಹಳೆಯ ಚಟ. ಹಾಗಾಗಿ ನಿಮ್ಮ ಪತ್ರಕ್ಕೆ ಎರಡೂ ಕಡೆಯಿಂದ ಉತ್ತರ ಕೊಡಬಲ್ಲೆ. ನಿಮ್ಮ ದಿಗಿಲು ನನಗೆ ಅರ್ಥವಾಗುವುದು ಹೀಗೆ: ಬಿಟ್ಟರೆ ಬರುವ ಅನ್ನ ಹೋಗಿ ಮತ್ತೆ ಯಾರೂ ಕರೆಯದೆ ಇರಬಹುದು, ಉಳಿದರೆ ಜನ ನಿಮ್ಮನ್ನು ಅಪ್ಪಾಜಿಯ ಮಗನಾಗಿ ಮಾತ್ರ ನೋಡಬಹುದು. ಎರಡೂ ನಿಜವಾದ ಅಪಾಯಗಳೇ. ಆದರೆ ಅಪ್ಪ ಹೇಳಿದ ಕಥೆಯಲ್ಲೂ ಗೆಳೆಯ ಹೇಳಿದ ಕಥೆಯಲ್ಲೂ ಮುಖ್ಯವಾದ ಅರ್ಧ ಬಿಟ್ಟುಹೋಗಿದೆ.

ಮೊದಲು ಆಡಮ್ ವಿಷಯ. ಬೊನಾಂಜಾ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾಗಿದ್ದು 1959ರ ಸೆಪ್ಟೆಂಬರ್‌ನಲ್ಲಿ. ಆಗ ಎನ್‌ಬಿಸಿಯ ಒಡೆತನ ಆರ್‌ಸಿಎ ಕಂಪನಿಯದು, ಆ ಕಂಪನಿಗೆ ಬಣ್ಣದ ಟೀವಿ ಸೆಟ್ಟು ಮಾರಬೇಕಿತ್ತು. ಅದಕ್ಕೇ ಈ ಸೀರಿಯಲ್ ಮೊದಲ ದಿನದಿಂದ ಬಣ್ಣದಲ್ಲಿ. ರಾಬರ್ಟ್ಸ್ ಒದ್ದು ಹೋದರು ಅನ್ನುವುದು ತಪ್ಪು. ನಡುವೆಯೇ ಬಿಡಬೇಕೆಂದು ಹಟ ಹಿಡಿದಿದ್ದು ನಿಜ, ಸಿಟ್ಟಿನಲ್ಲಿ ಕೆಲಸ ಕೊಟ್ಟ ಕಾರ್ಯಕ್ರಮವನ್ನೇ ಬಹಿರಂಗವಾಗಿ ಹಳಿದಿದ್ದೂ ನಿಜ. ಆದರೆ ಆರು ಸೀಸನ್ನಿನ ಕರಾರು ಪೂರ್ತಿ ಮುಗಿಸಿ, ಇನ್ನೂರರಷ್ಟು ಕಂತು ಮಾಡಿ, 1965ರಲ್ಲಿ ಹೊರಬಿದ್ದರು. ಅವರು ಹೋಗಬಹುದೆಂದು ಗೊತ್ತಿದ್ದ ನಿರ್ಮಾಪಕರು ಮೊದಲೇ ಗೈ ವಿಲಿಯಮ್ಸ್ ಎಂಬ ನಟನನ್ನು ಚಿಕ್ಕಪ್ಪನ ಮಗನ ಪಾತ್ರದಲ್ಲಿ ತಂದು ನಿಲ್ಲಿಸಿದ್ದರು. ಆ ಪಾತ್ರ ಹೆಚ್ಚು ದಿನ ಬಾಳಲಿಲ್ಲ. ಆಡಮ್‌ನನ್ನು ಕಥೆಯಲ್ಲಿ ಸಾಯಿಸಲೂ ಇಲ್ಲ. ದೂರದೇಶಕ್ಕೆ ಹೋಗಿದ್ದಾನೆ ಅನ್ನುವಂತೆ ಬಿಟ್ಟರು. ಬಾಗಿಲು ಅರ್ಧ ತೆರೆದೇ ಇತ್ತು, ಅವರು ವಾಪಸ್ ಹೋಗಲಿಲ್ಲ.

ಇನ್ನೊಂದು ವಿಷಯ ನಿಮ್ಮ ತಂದೆಯವರಿಗೆ ಇಷ್ಟವಾಗಬಹುದು, ನಿಮಗೆ ಸ್ವಲ್ಪ ಚುಚ್ಚಬಹುದು. ಆಡಮ್ ಹೋದ ಮೇಲೂ ಬೊನಾಂಜಾ ಎರಡು ಸೀಸನ್ ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. ಅಪ್ಪ, ಮೂವರು ಮಕ್ಕಳ ಆ ಕಾರ್ಟ್‌ರೈಟ್ ಮನೆ ಒಬ್ಬ ಮಗ ಇಲ್ಲದೆಯೂ ನಡೆಯಿತು. ‘ನಾನು ಬಿಟ್ಟರೆ ಸೀರಿಯಲ್ ನಿಲ್ಲುತ್ತೆ’ ಅನ್ನುವ ನಟರನ್ನು ನಾನು ವರ್ಷಕ್ಕೆ ನಾಲ್ಕೈದು ಜನರನ್ನಾದರೂ ನೋಡುತ್ತೇನೆ. ಪಾಪ, ಒಂದು ಅಪಘಾತದ ದೃಶ್ಯ, ಮುಖದ ತುಂಬ ಬ್ಯಾಂಡೇಜು, ಬಿಚ್ಚಿದಾಗ ಬೇರೆ ಮುಖ, ಮುಗಿಯಿತು.

ಮೂಸಿ ನೋಡುವವರಿರಲಿಲ್ಲ ಅನ್ನುವ ಮಾತಿಗೆ ಬರೋಣ. ಮುಂದಿನ ಹದಿನಾಲ್ಕು ವರ್ಷ ರಾಬರ್ಟ್ಸ್‌ಗೆ ತಮ್ಮದೇ ಅನ್ನುವ ಸೀರಿಯಲ್ ಇರಲಿಲ್ಲ. ಊರೂರು ತಿರುಗುವ ಸಂಗೀತ ನಾಟಕಗಳು, ಬೇರೆಯವರ ಸೀರಿಯಲ್‌ಗಳಲ್ಲಿ ಒಂದೊಂದು ಕಂತಿನ ಅತಿಥಿ ಪಾತ್ರಗಳು, ಇದರಲ್ಲೇ ಕಾಲ ಹಾಕಿದರು. ಹೊಟ್ಟೆಗಿರಲಿಲ್ಲ ಅಂತಲ್ಲ, ಆದರೆ ಮನೆಮಾತಾಗಿದ್ದವರು ಅತಿಥಿಯಾದರು. 1979ರಲ್ಲಿ, 51ನೇ ವಯಸ್ಸಿಗೆ, ಸಿಬಿಎಸ್ ಚಾನೆಲ್‌ನ ‘ಟ್ರ್ಯಾಪರ್ ಜಾನ್, ಎಂ.ಡಿ.’ಯಲ್ಲಿ ಮುಖ್ಯ ವೈದ್ಯನ ಪಾತ್ರ ಸಿಕ್ಕಿತು. ಅದು ಏಳು ಸೀಸನ್ ಓಡಿತು. ಅಂದರೆ ಬೊನಾಂಜಾದಲ್ಲಿ ಇದ್ದದ್ದಕ್ಕಿಂತ ಒಂದು ಸೀಸನ್ ಹೆಚ್ಚು. 2010ರಲ್ಲಿ ತೀರಿಕೊಂಡಾಗ ಆ ನಾಲ್ವರು ಕಾರ್ಟ್‌ರೈಟ್‌ಗಳಲ್ಲಿ ಉಳಿದಿದ್ದ ಕೊನೆಯವರು ಅವರೇ. ಇದನ್ನು ಕೆಟ್ಟ ಬದುಕು ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಆದರೆ ಹದಿನಾಲ್ಕು ವರ್ಷ ಅನ್ನುವುದನ್ನು ಇಎಂಐ ಕಟ್ಟುವವರು ಒಂದು ಸಲ ಗಟ್ಟಿಯಾಗಿ ಹೇಳಿಕೊಂಡು ನೋಡಬೇಕು.

ಈಗ ಮರುಪ್ರಸಾರದ ದುಡ್ಡು. ಇದರ ಬಗ್ಗೆ ನಮ್ಮಲ್ಲಿ ಇರುವಷ್ಟು ಭ್ರಮೆ ಇನ್ನೊಂದರ ಬಗ್ಗೆ ಇಲ್ಲ. ಹಾಲಿವುಡ್ಡಿನ ನಟರ ಸಂಘ ಮರುಪ್ರಸಾರಕ್ಕೆ ಹಣ ಕೊಡಿಸುವ ಒಪ್ಪಂದ ಮಾಡಿಕೊಂಡಿದ್ದು 1950ರ ದಶಕದ ಆರಂಭದಲ್ಲೇ. ಆದರೆ ಅದಕ್ಕೆ ಒಂದು ಗಡಿ ಇತ್ತು. ಪ್ರತಿ ಮರುಪ್ರಸಾರಕ್ಕೆ ಮೊತ್ತ ಕರಗುತ್ತಾ ಹೋಗಿ, ಆರನೇ ಪ್ರಸಾರದ ಹೊತ್ತಿಗೆ ಲೆಕ್ಕ ಚುಕ್ತಾ. ಆಮೇಲೆ ಅದೇ ಕಂತನ್ನು ಸಾವಿರ ಸಲ ಹಾಕಿದರೂ ನಟನಿಗೆ ಬಿಡಿಗಾಸಿಲ್ಲ. ಎಷ್ಟು ಸಲ ಹಾಕಿದರೂ ಕೊಡಬೇಕು ಎಂಬ ಷರತ್ತು ಬಂದಿದ್ದು 1974ರ ಒಪ್ಪಂದದಲ್ಲಿ, ಅದೂ ಹೊಸ ಕೆಲಸಕ್ಕೆ ಮಾತ್ರ. ಬೊನಾಂಜಾದ ಕೊನೆಯ ಕಂತು ಪ್ರಸಾರವಾಗಿದ್ದು 1973ರ ಜನವರಿ 16ರಂದು. ನಿಮ್ಮ ತಂದೆಯವರು ಡಾಲಸ್‌ನಲ್ಲಿ ಕೂತು ನೋಡಿದ ಕಂತುಗಳ ಪೈಕಿ ಒಂದೂ ಆ ಷರತ್ತಿನೊಳಗೆ ಬರುವುದಿಲ್ಲ. ಬೇರೆಯಾಗಿ ಪಾಲಿನ ಕರಾರು ಬರೆಸಿಕೊಂಡವರ ಮಾತು ಬೇರೆ. ‘ದಿ ರೈಫಲ್‌ಮನ್’ ಮಾಡಿದ ಚಕ್ ಕಾನರ್ಸ್ ಮೊದಲು ಹೇಳಿದ ಸಂಬಳಕ್ಕೆ ಒಪ್ಪದೆ ವಾಪಸ್ ಹೋಗಿ, ಆಮೇಲೆ ಸೀರಿಯಲ್‌ನಲ್ಲೇ ಸಣ್ಣ ಪಾಲು ಬರೆಸಿಕೊಂಡು ಬಂದವರು. ಅದಕ್ಕೆ ಮೊದಲು ಅವರು ಬೇಸ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಆಟಗಾರ. ಆಟಗಾರರಿಗೆ ತಮ್ಮ ಬೆಲೆಯನ್ನು ಚೌಕಾಸಿ ಮಾಡುವ ಅಭ್ಯಾಸ ಇರುತ್ತದೆ, ನಾಟಕದವರಿಗೆ ನಾಚಿಕೆ. ನನ್ನ ಟೇಬಲ್ ಎದುರು ಕೂತವರಲ್ಲೂ ಇದನ್ನೇ ಕಂಡಿದ್ದೇನೆ.

ಗೆಳೆಯ ಹೇಳಿದ ಈಸ್ಟ್‌ವುಡ್ ಕಥೆಯಲ್ಲಿ ಒಂದು ಪದ ತಪ್ಪು, ‘ಬಿಟ್ಟು’ ಅನ್ನುವುದು. ಈಸ್ಟ್‌ವುಡ್ ಸೀರಿಯಲ್ ಬಿಡಲೇ ಇಲ್ಲ. ‘ರಾಹೈಡ್’ 1959ರ ಜನವರಿಯಲ್ಲಿ ಶುರುವಾಗಿ 1965ರ ಕೊನೆಗೆ ಮುಗಿಯಿತು, ಕೊನೆಯ ತನಕ ಅವರು ಅದರಲ್ಲಿದ್ದರು. 1964ರಲ್ಲಿ ಶೂಟಿಂಗ್ ರಜೆ ಬಿಟ್ಟಾಗ ಸ್ಪೇನಿಗೆ ಹೋಗಿ, 15,000 ಡಾಲರಿಗೆ ಇಟಲಿಯವರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಸಿನಿಮಾ ಮಾಡಿ, ವಾಪಸ್ ಬಂದು ಮತ್ತೆ ‘ರೌಡಿ ಯೇಟ್ಸ್’ ಎಂಬ ಹೆಸರಿನ ದನ ಕಾಯುವವನ ಪಾತ್ರವಾದರು. ಮರುವರ್ಷದ ರಜೆಯಲ್ಲಿ ಎರಡನೆಯದು. ಮೊದಲ ಸಿನಿಮಾ ಅಮೆರಿಕದಲ್ಲಿ ತೆರೆಕಂಡಿದ್ದು 1967ರಲ್ಲಿ, ಅಂದರೆ ರಾಹೈಡ್ ಮುಗಿದು ಒಂದು ವರ್ಷದ ಮೇಲೆ. ಅಷ್ಟು ದಿನ ಮನೆ ನಡೆಸಿದ್ದು ಸೀರಿಯಲ್ ಸಂಬಳ. ಸ್ಪೇನಿಗೆ ಹೋಗುವಾಗ ಬೂಟು ಕೂಡ ರಾಹೈಡ್‌ನದೇ ಹಾಕಿಕೊಂಡು ಹೋಗಿದ್ದರು. ಅವರನ್ನು ಎತ್ತಿದ್ದು ಧೈರ್ಯ ಎಷ್ಟೋ, ರಜೆಯೂ ಆ ರಜೆಯಲ್ಲಿ ಹೊರಗೆ ದುಡಿಯಲು ಸಿಕ್ಕ ಅನುಮತಿಯೂ ಅಷ್ಟೇ.

ಅದೇ ಸೀರಿಯಲ್‌ನ ನಿಜವಾದ ನಾಯಕ ಎರಿಕ್ ಫ್ಲೆಮಿಂಗ್. ಕೊನೆಯ ಸೀಸನ್ನಿಗೆ ಮೊದಲು ರಾಹೈಡ್‌ನಿಂದ ಹೊರಬಂದರು. 1966ರ ಸೆಪ್ಟೆಂಬರ್‌ನಲ್ಲಿ ಪೆರು ದೇಶದ ನದಿಯೊಂದರಲ್ಲಿ ಚಿತ್ರೀಕರಣದ ವೇಳೆ ದೋಣಿ ಮಗುಚಿ ಸತ್ತರು. 41 ವರ್ಷ. ಇವರ ಹೆಸರನ್ನು ಧೈರ್ಯದ ಉದಾಹರಣೆಯಾಗಿ ಯಾರೂ ಎತ್ತುವುದಿಲ್ಲ, ನಿಮ್ಮ ಗೆಳೆಯನೂ ಎತ್ತಲಿಲ್ಲ. ಗೆದ್ದವರನ್ನು ಮಾತ್ರ ಎಣಿಸಿದರೆ ಯಾವ ದಾರಿಯೂ ಹೆದ್ದಾರಿಯ ಹಾಗೇ ಕಾಣುತ್ತದೆ.

ಇಷ್ಟಕ್ಕೂ ವೆಸ್ಟರ್ನ್ ನಟರು ಅಷ್ಟೊಂದು ಬೇಗ ಒಂದೇ ಮುಖವಾಗಿ ಬಿಡುತ್ತಿದ್ದುದು ಏಕೆ? ಜನ ಹೇಳುವುದು ‘ಇಮೇಜ್’ ಅಂತ, ಅದೇನೋ ಆಕಾಶದಿಂದ ಇಳಿದ ಹಾಗೆ. ಅದರ ಹಿಂದೆ ತೀರಾ ಸಾಧಾರಣ ಕಾರಣಗಳಿದ್ದವು. ಬೊನಾಂಜಾದ ಬಟ್ಟೆಗಳನ್ನು ಗಮನಿಸಿ. ಮೊದಲ ಸೀಸನ್‌ಗಳಲ್ಲಿ ಬದಲಾಗುತ್ತಿದ್ದ ಉಡುಪು ಮೂರನೆಯದರ ಹೊತ್ತಿಗೆ ನಿಂತುಹೋಗುತ್ತದೆ. ಆಡಮ್‌ಗೆ ಕಪ್ಪು ಅಂಗಿ, ಕಪ್ಪು ಟೋಪಿ. ಕಿರೀಮಗ ಲಿಟಲ್ ಜೋಗೆ ಹಸಿರು ಜಾಕೆಟ್ಟು. ನಡುವಿನ ಮಗ ಹಾಸ್‌ಗೆ ಬಿಳಿ ಅಂಗಿ, ಕಂದು ವೇಸ್ಟ್‌ಕೋಟು, ತಲೆಗಿಂತ ದೊಡ್ಡ ಟೋಪಿ. ವರ್ಷಗಟ್ಟಲೆ ಇದೇ. ಇದರಲ್ಲಿ ಕಲಾ ನಿರ್ದೇಶಕರ ಕನಸೇನೂ ಇಲ್ಲ. ಬಟ್ಟೆ ಒಂದೇ ಆದರೆ ಹೋದ ವರ್ಷ ತೆಗೆದ ಕುದುರೆ ಓಟವನ್ನು ಈ ವರ್ಷದ ಕಂತಿಗೆ ಅಂಟಿಸಬಹುದು. ದೂರದ ಶಾಟ್‌ನಲ್ಲಿ ಡ್ಯೂಪ್ ಕೂತರೂ ಗೊತ್ತಾಗುವುದಿಲ್ಲ. ಉಳಿತಾಯಕ್ಕೆ ಮಾಡಿದ ಈ ವ್ಯವಸ್ಥೆಯಿಂದ ನಟನ ಮುಖಕ್ಕಿಂತ ಟೋಪಿ ಹೆಚ್ಚು ಪರಿಚಿತವಾಯಿತು. ನಿಮ್ಮ ಸೀರಿಯಲ್‌ನಲ್ಲೂ ಹಿರೀಮಗನಿಗೆ ವರ್ಷಪೂರ್ತಿ ಅದೇ ಬಣ್ಣದ ಜುಬ್ಬಾ ಇದ್ದರೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ಜೊತೆಗೆ ಕೆಲಸದ ಭಾರ. ಐವತ್ತರ ದಶಕದಲ್ಲಿ ಒಂದು ಸೀಸನ್ ಅಂದರೆ 39 ಕಂತು. ವಾರ್ನರ್ ಬ್ರದರ್ಸ್ ಸ್ಟುಡಿಯೋದ ‘ಮ್ಯಾವರಿಕ್’ನಲ್ಲಿ ಒಂದು ಗಂಟೆಯ ಕಂತು ಮುಗಿಸಲು ವಾರಕ್ಕಿಂತ ಹೆಚ್ಚು ಬೇಕಾಗಿ, ವಾರಕ್ಕೊಂದು ಪ್ರಸಾರಕ್ಕೆ ಸಾಲದೆ ಹೋಯಿತು. ಅದಕ್ಕೆ ಅವರು ಮಾಡಿದ್ದೇನು ಗೊತ್ತೇ? ನಾಯಕನಿಗೆ ಒಬ್ಬ ತಮ್ಮನನ್ನು ಹುಟ್ಟಿಸಿ ಎರಡು ತಂಡಗಳಲ್ಲಿ ಶೂಟಿಂಗ್ ಇಟ್ಟರು. ಇಷ್ಟು ಕೆಲಸದ ನಡುವೆ ನಟನಿಗೆ ಬೇರೆ ಪಾತ್ರ ಮಾಡಿ ತೋರಿಸಲು ಪುರುಸೊತ್ತೇ ಇರುತ್ತಿರಲಿಲ್ಲ, ಪುರುಸೊತ್ತು ಇದ್ದರೆ ಕರಾರು ಬಿಡುತ್ತಿರಲಿಲ್ಲ.

ನನ್ನ ಕಸುಬಿನ ಕಣ್ಣಿಗೆ ಆ ಕಾಲದ ನಿಜವಾದ ಕಥೆ ಇರುವುದು ಈ ಕರಾರುಗಳಲ್ಲಿ. ವಾರ್ನರ್‌ನದೇ ಇನ್ನೊಂದು ಸೀರಿಯಲ್ ‘ಶಯಾನ್’ನ ಕ್ಲಿಂಟ್ ವಾಕರ್, ಆರೂವರೆ ಅಡಿ ಆಳು, ವಾರ್ನರ್‌ನ ಮೇಲೆ ಮುನಿಸಿಕೊಂಡು 1958ರಲ್ಲಿ ಕೆಲಸ ನಿಲ್ಲಿಸಿದರು. ಅವರ ತಕರಾರುಗಳಲ್ಲಿ ಒಂದು ಕೇಳಿ: ಊರೂರಿಗೆ ಹೋಗಿ ಜನರಿಗೆ ಮುಖ ತೋರಿಸಿ ಸಂಪಾದಿಸಿದ ಹಣದಲ್ಲಿ ಅರ್ಧ ಸ್ಟುಡಿಯೋಗೆ ಕೊಡಬೇಕಿತ್ತು. ಸ್ಟುಡಿಯೋ ಏನು ಮಾಡಿತು? ಟೈ ಹಾರ್ಡಿನ್ ಎಂಬ ಹೊಸ ಹುಡುಗನನ್ನು ತಂದು ಅದೇ ಹೊತ್ತಿಗೆ ಕುದುರೆ ಹತ್ತಿಸಿತು. ಮರುವರ್ಷ ವಾಕರ್ ವಾಪಸ್ ಬಂದರು. ಕೇಳಿದ್ದರಲ್ಲಿ ಕೆಲವು ಸಿಕ್ಕವು, ಆದರೆ ಕರಾರಿನ ಹಗ್ಗ ಪೂರ್ತಿ ಬಿಚ್ಚಲಿಲ್ಲ.

ಹಗ್ಗ ಬಿಚ್ಚಿಸಿದವರು ಮ್ಯಾವರಿಕ್‌ನ ಜೇಮ್ಸ್ ಗಾರ್ನರ್. 1960ರಲ್ಲಿ ಚಿತ್ರಕಥೆಗಾರರ ಮುಷ್ಕರ ನಡೆಯುತ್ತಿತ್ತು. ಸ್ಕ್ರಿಪ್ಟ್ ಇಲ್ಲ, ಕೈಮೀರಿದ ಪರಿಸ್ಥಿತಿ ಎಂದು ವಾರ್ನರ್ ಅವರ ಸಂಬಳ ನಿಲ್ಲಿಸಿತು. ಗಾರ್ನರ್ ಕೋರ್ಟಿಗೆ ಹೋದರು. ಸಂಬಳ ನಿಲ್ಲಿಸಿದ್ದರಿಂದ ಕರಾರು ಮುರಿದವರು ನೀವೇ, ಇನ್ನು ನಾನು ಬಿಡುಗಡೆ ಎನ್ನುವುದು ಅವರ ವಾದ. ಸ್ಟುಡಿಯೋದ ಕೈ ನಿಜಕ್ಕೂ ಖಾಲಿಯಿರಲಿಲ್ಲ. ಮುಷ್ಕರದ ದಿನಗಳಲ್ಲೇ ಹಳೇ ಕಥೆಗಳನ್ನು ತಿರುವಿಹಾಕಿ ‘ಡಬ್ಲ್ಯು. ಹೆರ್ಮಾನೋಸ್’ ಎಂಬ ಹೆಸರಿನಲ್ಲಿ ಹೊರತರುತ್ತಿದ್ದರು. ಸ್ಪ್ಯಾನಿಷ್‌ನಲ್ಲಿ ಹೆರ್ಮಾನೋಸ್ ಅಂದರೆ ಸಹೋದರರು, ಅಂದರೆ ಇಂಗ್ಲಿಷಿನ ‘ಬ್ರದರ್ಸ್’! ಆ ಡಿಸೆಂಬರ್‌ನಲ್ಲಿ ಗಾರ್ನರ್ ಗೆದ್ದರು, 1961ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ತೀರ್ಪಿನಲ್ಲಿ ಅವರ ಹುಟ್ಟುಹೆಸರು ಬಮ್‌ಗಾರ್ನರ್ ಎಂದೇ ಇದೆ, ಹುಡುಕುವವರಿಗೆ ಹೇಳಿದೆ. ಮುಂದೆ ಸಿನಿಮಾ, ಆಮೇಲೆ ಎಪ್ಪತ್ತರ ದಶಕದಲ್ಲಿ ಟೀವಿಯ ಪತ್ತೇದಾರ. ಕೋರ್ಟು ಹತ್ತಿದವನಿಗೆ ಕೆಲಸ ಸಿಗುವುದಿಲ್ಲ ಅನ್ನುವ ಮಾತಿಗೆ ಗಾರ್ನರ್ ಅಪವಾದ. ಆದರೆ ಅಪವಾದ ಅನ್ನುವುದನ್ನು ಮರೆಯಬೇಡಿ. ಆ ಹೊತ್ತಿಗೆ ಅವರ ಮುಖಕ್ಕೆ ಇದ್ದ ಬೆಲೆ ನಿಮಗೂ ನನ್ನ ಬಹುಪಾಲು ಕಕ್ಷಿದಾರರಿಗೂ ಇಲ್ಲ.

ಪಾತ್ರ ಯಾರ ಸ್ವತ್ತು ಅನ್ನುವುದಕ್ಕೆ ಕ್ಲೇಟನ್ ಮೂರ್ ಕಥೆ ಹೇಳಲೇಬೇಕು. 1949ರಿಂದ ‘ದಿ ಲೋನ್ ರೇಂಜರ್’, ಕಣ್ಣಿಗೆ ಕಪ್ಪು ಮುಖವಾಡ. ನಡುವೆ ಒಂದಷ್ಟು ಕಾಲ ಅವರನ್ನು ಕೈಬಿಟ್ಟು ಬೇರೆಯವರಿಗೆ ಮುಖವಾಡ ಹಾಕಿದರು, ಮತ್ತೆ ಕರೆದರು. ಸೀರಿಯಲ್ ಮುಗಿದ ಮೇಲೂ ಮೂರ್ ಅದೇ ವೇಷದಲ್ಲಿ ಊರೂರಿನ ಕಾರ್ಯಕ್ರಮಗಳಿಗೆ ಹೋಗಿ ಬದುಕಿದರು. 1979ರಲ್ಲಿ ಪಾತ್ರದ ಹಕ್ಕಿದ್ದವರು ಹೊಸ ಸಿನಿಮಾ ಮಾಡಲು ಹೊರಟು, ಮೂರ್ ಸಾರ್ವಜನಿಕವಾಗಿ ಮುಖವಾಡ ಧರಿಸದಂತೆ ಕೋರ್ಟಿನಿಂದ ತಡೆ ತಂದರು. ಅರುವತ್ತೈದರ ಹತ್ತಿರದ ಆ ಮನುಷ್ಯ ಏನು ಮಾಡಿದರು? ಮುಖವಾಡದಷ್ಟೇ ಅಗಲದ ಕಪ್ಪು ಕನ್ನಡಕ ಹಾಕಿಕೊಂಡು ಅಭಿಮಾನಿಗಳ ಮುಂದೆ ನಿಂತರು. ಹೊಸ ಸಿನಿಮಾ 1981ರಲ್ಲಿ ಬಂದು ಮಕಾಡೆ ಮಲಗಿತು. ಕೆಲವು ವರ್ಷಗಳ ಮೇಲೆ ಮುಖವಾಡ ಮತ್ತೆ ಮೂರ್ ಕೈಗೆ ಬಂತು.

ಇದನ್ನು ಓದಿ ದೂರದ ಕಥೆ ಅಂದುಕೊಳ್ಳಬೇಡಿ. ಕೆಲವು ವರ್ಷದ ಹಿಂದೆ ನನ್ನ ಕಕ್ಷಿದಾರರೊಬ್ಬರು, ಧಾರಾವಾಹಿಯ ಖಳನಾಯಕಿ, ಉತ್ತರ ಕರ್ನಾಟಕದ ಒಂದು ಜಾತ್ರೆಯ ವೇದಿಕೆಗೆ ಪಾತ್ರದ ಸೀರೆ, ಪಾತ್ರದ ಮೂಗುತಿಯಲ್ಲೇ ಹೋಗಿ ಎರಡು ಡೈಲಾಗ್ ಹೊಡೆದು ಬಂದರು. ಜನ ಶಿಳ್ಳೆ ಹೊಡೆದರು. ಮುಂದಿನ ವಾರ ನಿರ್ಮಾಣ ಸಂಸ್ಥೆಯಿಂದ ನೋಟಿಸ್ ಬಂತು: ಪಾತ್ರದ ಹೆಸರು, ವೇಷಭೂಷಣ, ಸಂಭಾಷಣೆ ನಮ್ಮದು, ಕಾರ್ಯಕ್ರಮದ ಸಂಭಾವನೆಯಲ್ಲಿ ಪಾಲು ಕೊಡಿ. ಕರಾರಿನ ಹನ್ನೊಂದನೇ ಪುಟದಲ್ಲಿ ಅದು ಇತ್ತು. ಅವರು ಸಹಿ ಹಾಕಿದ್ದರು, ಓದಿರಲಿಲ್ಲ.

ಇನ್ನು ನಿಮ್ಮ ದಾರಿಗಳು. ಉಳಿದು ಕೆಲಸ ಕಲಿಯುವುದು ಒಂದು. ಲಿಟಲ್ ಜೋ ಮಾಡಿದ ಮೈಕಲ್ ಲ್ಯಾಂಡನ್ ಸೇರುವಾಗ ಇಪ್ಪತ್ತೆರಡರ ಹುಡುಗ. 1962ರ ಸುಮಾರಿಗೆ ಸ್ಕ್ರಿಪ್ಟ್ ಇಲ್ಲದೆ ಶೂಟಿಂಗ್ ನಿಲ್ಲುವ ಹಂತ ಬಂದಾಗ ತಾನೇ ಕೂತು ಒಂದು ಕಂತು ಬರೆದುಕೊಟ್ಟರು. ಆಮೇಲೆ ನಿರ್ದೇಶನಕ್ಕೂ ಕೈಹಾಕಿದರು. ಬೊನಾಂಜಾ ಮುಗಿದ ಮರುವರ್ಷವೇ, 1974ರಲ್ಲಿ, ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ಯ ನಟ, ನಿರ್ದೇಶಕ, ನಿರ್ಮಾಪಕ ಮೂರೂ ಆಗಿ ಬಂದರು. ಸೆಟ್ಟನ್ನೇ ಶಾಲೆ ಮಾಡಿಕೊಂಡವರು. ಇದರ ಅಪಾಯ ಏನೆಂದರೆ, ಎಲ್ಲ ಸೆಟ್ಟಿನಲ್ಲೂ ನಟನನ್ನು ಬರೆಯಲು ಕೂರಿಸುವುದಿಲ್ಲ. ನಿಮ್ಮ ದಿನಕ್ಕೆ ಅಷ್ಟು ಉಸಿರೂ ಉಳಿದಿರುವುದಿಲ್ಲ.

ಸುಮ್ಮನೆ ಉಳಿಯುವುದೂ ಒಂದು ದಾರಿಯೇ, ಅದನ್ನು ಹೀಗಳೆಯಬೇಡಿ. ‘ಗನ್‌ಸ್ಮೋಕ್’ನ ಜೇಮ್ಸ್ ಆರ್ನೆಸ್ 1955ರಿಂದ 1975ರವರೆಗೆ, 20 ಸೀಸನ್, 635 ಕಂತು, ಒಬ್ಬನೇ ಮಾರ್ಷಲ್ ಆಗಿದ್ದರು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆನ್‌ಜಿಯೋದಲ್ಲಿ ಕಾಲಿಗೆ ಗುಂಡು ತಿಂದವರು, ಕುದುರೆ ಏರುವುದೇ ನೋವಿನ ಕೆಲಸ. ಬೇರೆ ಪಾತ್ರಗಳಿಗಾಗಿ ಅವರು ಹಪಹಪಿಸಿದಂತೆ ಕಾಣುವುದಿಲ್ಲ. ಆದರೆ ಅವರ ಚಾನೆಲ್ 1967ರಲ್ಲಿ ಒಮ್ಮೆ ಸೀರಿಯಲ್ ನಿಲ್ಲಿಸಿ ಮನಸ್ಸು ಬದಲಾಯಿಸಿತು, 1975ರಲ್ಲಿ ನಿಲ್ಲಿಸಿದಾಗ ಬದಲಾಯಿಸಲಿಲ್ಲ. ಇಪ್ಪತ್ತು ವರ್ಷದ ಕಥೆಗೆ ಮುಕ್ತಾಯದ ಕಂತು ಅನ್ನುವುದನ್ನು ಮಾಡಲೂ ಅವಕಾಶ ಸಿಗಲಿಲ್ಲ. ನೀವು ನಿಷ್ಠರಾಗಿದ್ದ ಮಾತ್ರಕ್ಕೆ ಅವರು ನಿಮಗೆ ಮುಂಚಿತವಾಗಿ ಹೇಳುತ್ತಾರೆ ಅಂತಿಲ್ಲ.

ಮೂರನೆಯದು, ಬಿಡುವುದು. ಗನ್‌ಸ್ಮೋಕ್‌ನಲ್ಲೇ ಕುಂಟುವ ಚೆಸ್ಟರ್ ಆಗಿದ್ದ ಡೆನಿಸ್ ವೀವರ್, 1959ರಲ್ಲಿ ಟೀವಿಯವರ ಎಮ್ಮಿ ಪ್ರಶಸ್ತಿಯನ್ನೂ ಪಡೆದವರು, 1964ರಲ್ಲಿ ಬಿಟ್ಟರು. ಮುಂದಿನ ಸೀರಿಯಲ್ ಒಂದೇ ವರ್ಷಕ್ಕೆ ಮುಗಿಯಿತು, ಅದರ ಮುಂದಿನದು ಎರಡು ವರ್ಷ. ನಿಜವಾಗಿ ಕಾಲೂರಿದ್ದು 1970ರಲ್ಲಿ ‘ಮೆಕ್‌ಕ್ಲೌಡ್’ ಸಿಕ್ಕ ಮೇಲೆ. ಇವರಿಗೆ ಆರು ವರ್ಷ, ರಾಬರ್ಟ್ಸ್‌ಗೆ ಹದಿನಾಲ್ಕು. ಬಿಟ್ಟವರ ಪೈಕಿ ಚೆನ್ನಾಗಿಯೇ ಆದವರ ಲೆಕ್ಕ ಇದು. ನಿಮಗೆ ಎಷ್ಟು ತಿಂಗಳು ಇಎಂಐ ಕಟ್ಟುವ ಶಕ್ತಿ ಇದೆ ಅನ್ನುವುದನ್ನು ಪತ್ರದಲ್ಲಿ ನೀವು ಬರೆದಿಲ್ಲ. ಹದಿನೆಂಟು ತಿಂಗಳಿಗೆ ಕಡಿಮೆ ಇದ್ದರೆ ನಾನು ನನ್ನ ತಮ್ಮನಿಗಾದರೂ ‘ಈಗ ಬೇಡ ಕಣೋ’ ಅನ್ನುತ್ತಿದ್ದೆ.

ನಾಲ್ಕನೆಯದು ಈಸ್ಟ್‌ವುಡ್ ದಾರಿ, ನಿಮ್ಮ ಪರಿಸ್ಥಿತಿಗೆ ನನಗೆ ಹೆಚ್ಚು ಒಪ್ಪುವುದು ಇದೇ: ಉಳಿಯುವುದು, ಆದರೆ ಹೊಸ ಕರಾರಿನಲ್ಲಿ ಕಿಟಕಿ ಬರೆಸಿಕೊಳ್ಳುವುದು. ತಿಂಗಳಿಗೆ 22 ದಿನದ ಬದಲು 14 ದಿನ, ದುಡ್ಡು ಅಷ್ಟು ಕಡಿಮೆಯಾದರೂ ಸರಿ. ನಾಟಕಕ್ಕೂ ಸಿನಿಮಾಕ್ಕೂ ಲಿಖಿತ ಅನುಮತಿ. ವರ್ಷಕ್ಕೊಮ್ಮೆ ಮೂರು ವಾರದ ಬಿಡುವು, ಕಥೆಯಲ್ಲಿ ಹಿರೀಮಗ ದುಬೈಗೋ ಕಾಶಿಗೋ ಹೋಗಲಿ. ಅಪಾಯ? ಕಾಣದ ಮುಖ ಮರೆಯುತ್ತದೆ, ಕಥೆಯ ಗಾಳಿ ಕಿರೀಮಗನ ಕಡೆ ತಿರುಗಬಹುದು. ಆದರೆ ಕಾಶಿಗೆ ಹೋದ ಮಗ ವಾಪಸ್ ಬರಬಹುದು, ಬ್ಯಾಂಡೇಜು ಸುತ್ತಿಸಿಕೊಂಡವನು ಬರಲಾರ.

ಕಾನೂನು ಎಷ್ಟು ನಿಮ್ಮ ಕಡೆ ಇದೆ ಎಂದು ಚುಟುಕಾಗಿ ಹೇಳುತ್ತೇನೆ. ನಟಿಸಲೇಬೇಕು ಎಂದು ನಿಮ್ಮನ್ನು ಯಾವ ಕೋರ್ಟೂ ಬಲವಂತ ಮಾಡುವುದಿಲ್ಲ. ವ್ಯಕ್ತಿಯ ಕೌಶಲದ ಮೇಲೆ ನಿಂತ ಕೆಲಸವನ್ನು ಹಾಗೆ ಜಾರಿ ಮಾಡಿಸಲು ಬರುವುದಿಲ್ಲ. ಕರಾರು ಮುಗಿದ ಮೇಲೂ ಬೇರೆಡೆ ದುಡಿಯಬಾರದು ಅನ್ನುವ ಷರತ್ತು ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ. ಆದರೆ ಕರಾರು ಚಾಲ್ತಿಯಲ್ಲಿರುವಾಗ ಬೇರೆ ಚಾನೆಲ್‌ಗೆ ಹೋದರೆ ತಡೆಯಾಜ್ಞೆ ತರಬಹುದು, ನಷ್ಟ ಪರಿಹಾರವನ್ನೂ ಕೇಳಬಹುದು. ಮರುಪ್ರಸಾರದ ಬಗ್ಗೆ, 2012ರ ತಿದ್ದುಪಡಿಯಿಂದ ಕಾಪಿರೈಟ್ ಕಾಯ್ದೆಯ 38ಎ ಕಲಮಿನಲ್ಲಿ ಪ್ರದರ್ಶನದ ವಾಣಿಜ್ಯ ಬಳಕೆಗೆ ಕಲಾವಿದನಿಗೆ ರಾಯಧನ ಎಂಬ ಮಾತು ಸೇರಿದೆ. ನನ್ನ ಕೈಗೆ ಬಂದ ಧಾರಾವಾಹಿ ಕರಾರುಗಳಲ್ಲಿ ಮಾತ್ರ ದಿನಗೂಲಿಯಲ್ಲೇ ಎಲ್ಲವೂ ಸೇರಿದೆ ಎಂದು ಬರೆದಿರುತ್ತಾರೆ. ಒಟಿಟಿಗೆ, ಡಬ್ಬಿಂಗ್‌ಗೆ ಹೋದರೆ ಏನು ಅನ್ನುವುದನ್ನು ಸಹಿಗೆ ಮೊದಲು ಕೇಳಬೇಕು, ಆಮೇಲೆ ಕೇಳಿದರೆ ನಗುತ್ತಾರೆ.

ಒಂದು ವಿಷಯ ನನಗೆ ನಿಜಕ್ಕೂ ಕಳವಳ ತಂದಿದೆ. ಮಾರ್ಚ್‌ಗೆ ಮುಗಿಯುತ್ತದೆ ಅಂತ ‘ನೆನಪು’ ಎಂದು ಬರೆದಿದ್ದೀರಿ. ಹಳೇ ಹಾಲಿವುಡ್ ಕರಾರುಗಳಲ್ಲಿ ಅವಧಿ ಮುಂದುವರಿಸುವ ಆಯ್ಕೆ ಸ್ಟುಡಿಯೋಗೆ ಮಾತ್ರ ಇರುತ್ತಿತ್ತು, ನಟನಿಗಲ್ಲ. ನಮ್ಮಲ್ಲೂ ‘ನಿರ್ಮಾಪಕರ ಇಚ್ಛೆಯಂತೆ ಇನ್ನೂ 12 ತಿಂಗಳು ವಿಸ್ತರಿಸಬಹುದು’ ಎಂಬ ಒಂದು ಸಾಲು ಎಷ್ಟೋ ಕರಾರುಗಳಲ್ಲಿ ಅಡಗಿ ಕೂತಿರುತ್ತದೆ. ಅದು ನಿಮ್ಮದರಲ್ಲಿ ಇದ್ದರೆ ಮಾರ್ಚ್ ನಿಮ್ಮ ತಿಂಗಳಲ್ಲ, ಅವರದ್ದು. ಬಿಡಲು ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಅನ್ನುವುದೂ ಅಲ್ಲೇ ಇರುತ್ತದೆ. 60 ದಿನ ಇರಬಹುದು, 90 ಇರಬಹುದು. ಹಾಗಿದ್ದರೆ ನೀವು ಯೋಚನೆ ಮಾಡಿ ಮುಗಿಸುವ ಹೊತ್ತಿಗೆ ಗಡುವು ಕಳೆದಿರುತ್ತದೆ.

ಆದ್ದರಿಂದ ಅಪ್ಪನೊಂದಿಗೂ ಗೆಳೆಯನೊಂದಿಗೂ ವಾದ ಸದ್ಯಕ್ಕೆ ನಿಲ್ಲಿಸಿ. ನಾಳೆ ಬೆಳಗ್ಗೆ ಮೇಕಪ್‌ಗೆ ಕೂರುವ ಮೊದಲು ಪ್ರೊಡಕ್ಷನ್ ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿ: ‘ನಾನು ಸಹಿ ಮಾಡಿದ ಕರಾರಿನ ಪ್ರತಿ, ಅನುಬಂಧಗಳ ಸಮೇತ, ದಯವಿಟ್ಟು ಕಳಿಸಿ.’ ಕಾರಣ ಕೇಳಿದರೆ ಬ್ಯಾಂಕಿನವರು ಕೇಳಿದ್ದಾರೆ ಅನ್ನಿ. ಮನೆ ಸಾಲ ಇದೆಯಲ್ಲ, ಯಾರಿಗೂ ಅನುಮಾನ ಬರುವುದಿಲ್ಲ.